ಚಿತ್ರದುರ್ಗದ ಕೋಟೆಯಲ್ಲಿ ಒಂದು ದಿನದ ನಡಿಗೆ: ಹೊತ್ತು ನೋಡಿ ಹತ್ತುವ ಕ್ರಮ

ಕೋಟೆ ನೋಡಲು ಎರಡು ಗಂಟೆ ಸಾಕೇ? ವಯಸ್ಸಾದವರು ಹತ್ತಬಹುದೇ? ಓಬವ್ವನ ಕಿಂಡಿ ಬಾಗಿಲಿನ ಹತ್ತಿರವೇ ಇದೆಯೇ? ಚಿತ್ರದುರ್ಗಕ್ಕೆ ಹೊರಟ ಓದುಗರು ಪದೇ ಪದೇ ಕೇಳುವುದು ಈ ಮೂರು ಪ್ರಶ್ನೆಗಳನ್ನು. ಮೊದಲಿಗೆ ಚುಟುಕಾಗಿ ಉತ್ತರಿಸುವುದಾದರೆ, ಎರಡು ಗಂಟೆ ಸಾಲದು; ವಯಸ್ಸಾದವರು ಅರ್ಧಕ್ಕಿಂತ ಹೆಚ್ಚು ಭಾಗವನ್ನು ನಿಧಾನವಾಗಿ ನೋಡಬಹುದು; ಕಿಂಡಿ ಬಾಗಿಲಿನ ಹತ್ತಿರ ಇಲ್ಲ, ಒಳಗೆ ಸಾಕಷ್ಟು ನಡೆದು, ಮತ್ತೆ ಇಳಿದು ಹೋಗಬೇಕು. ವಿವರವಾದ ಉತ್ತರಕ್ಕಾಗಿ ಈ ಲೇಖನ.

ದುರ್ಗಕ್ಕೆ ಬಂದು ಬೇಸರಪಟ್ಟು ಹಿಂದಿರುಗುವವರಲ್ಲಿ ಬಹುಪಾಲು ಜನ ಹನ್ನೊಂದು ಗಂಟೆಗೆ ಟಿಕೆಟ್ ಪಡೆದು ಒಳಗೆ ಬಂದವರು. ಇದು ಬಯಲುಸೀಮೆಯ ಬಂಡೆಯ ಊರು. ಮರಗಳ ನೆರಳು ಅಲ್ಲಲ್ಲಿ ಮಾತ್ರ ಸಿಗುತ್ತದೆ, ಹತ್ತು ಗಂಟೆಯ ನಂತರ ಕಲ್ಲು ಕಾಯತೊಡಗುತ್ತದೆ, ಕಾದ ಕಲ್ಲು ಸಂಜೆಯವರೆಗೂ ಆರುವುದಿಲ್ಲ. ಆದ್ದರಿಂದ ಕೋಟೆಯೊಳಗೆ ಏನೇನಿದೆ ಎಂಬ ಪಟ್ಟಿ ಹಿಡಿದು ಓಡಾಡುವುದನ್ನು ಬಿಟ್ಟು, ಯಾವ ಜಾಗಕ್ಕೆ ಯಾವ ಹೊತ್ತು ಸರಿ ಎಂದು ಮೊದಲೇ ನಿಶ್ಚಯಿಸಿಕೊಂಡು ಹೊರಡಬೇಕು. ಮುಂದಿನ ಹಂತಗಳನ್ನು ಆ ಕ್ರಮದಲ್ಲಿಯೇ ಬರೆದಿದ್ದೇನೆ.

ಹೊರಡುವ ಮುನ್ನ ತಿಳಿದಿರಬೇಕಾದಷ್ಟು ಇತಿಹಾಸ

ಕೋಟೆಯ ಹೆಸರು ಹೇಳಿದೊಡನೆ ಎಲ್ಲರಿಗೂ ನೆನಪಾಗುವುದು ಮದಕರಿ ನಾಯಕ. ಆದರೆ ಈ ಬೆಟ್ಟದಲ್ಲಿ ಮನುಷ್ಯರ ವಾಸ ನಾಯಕರಿಗಿಂತ ಬಹಳ ಹಿಂದಿನದು. ಕೋಟೆಯ ಪಶ್ಚಿಮಕ್ಕಿರುವ ಚಂದ್ರವಳ್ಳಿಯಲ್ಲಿ ಶಾತವಾಹನರ ಕಾಲದ ನೆಲೆ ಇತ್ತು. 4ನೇ ಶತಮಾನದ ಕದಂಬ ದೊರೆ ಮಯೂರಶರ್ಮನ ಶಾಸನವೂ ಅಲ್ಲಿಯೇ ಇದೆ. ಆಮೇಲಿನ ಶಾಸನಗಳಲ್ಲಿ ಈ ಊರಿಗೆ ಬೆಮ್ಮತ್ತನಕಲ್ಲು ಎಂಬ ಹೆಸರು ಕಾಣಸಿಗುತ್ತದೆ. ಚಾಲುಕ್ಯರು, ಹೊಯ್ಸಳರು, ವಿಜಯನಗರದ ಅರಸರು ಎಲ್ಲರೂ ಈ ಬೆಟ್ಟವನ್ನು ಬಳಸಿದವರೇ. 1568ರ ಸುಮಾರಿಗೆ ವಿಜಯನಗರದ ಅಧೀನದಲ್ಲಿ ತಿಮ್ಮಣ್ಣ ನಾಯಕನಿಂದ ಆರಂಭವಾದ ಪಾಳೆಯಗಾರರ ಮನೆತನವು ಎರಡು ಶತಮಾನಗಳ ಕಾಲ ಗೋಡೆಯ ಮೇಲೆ ಗೋಡೆ ಕಟ್ಟುತ್ತ ಹೋಯಿತು. 1689ರಿಂದ 1721ರವರೆಗೆ ಆಳಿದ ಭರಮಣ್ಣ ನಾಯಕನು ಗುಡಿಗಳನ್ನೂ ಕೆರೆ ಹೊಂಡಗಳನ್ನೂ ಕಟ್ಟಿಸಿದ್ದಕ್ಕೆ ಹೆಸರಾದವನು. ಕಡೆಯ ಮದಕರಿ ನಾಯಕನ ಕಾಲದಲ್ಲಿ, 1779ರಲ್ಲಿ, ಹಲವು ಮುತ್ತಿಗೆಗಳ ನಂತರ ಕೋಟೆ ಹೈದರಾಲಿಯ ವಶವಾಯಿತು.

ಇಷ್ಟು ನೆನಪಿದ್ದರೆ, ಎದುರಿಗಿರುವ ಗೋಡೆಯನ್ನು ಕಟ್ಟಿದವರು ಯಾರು ಎಂಬ ಪ್ರಶ್ನೆಗೆ ಒಂದೇ ಹೆಸರಿನ ಉತ್ತರ ಹುಡುಕುವ ತಪ್ಪನ್ನು ನೀವು ಮಾಡುವುದಿಲ್ಲ.

ಕೆಲವು ಪದಗಳ ಅರ್ಥ

ಕೋಟೆಯ ಫಲಕಗಳಲ್ಲೂ ಮಾರ್ಗದರ್ಶಿಗಳ ಮಾತಿನಲ್ಲೂ ಕೆಲವು ಪದಗಳು ಮತ್ತೆ ಮತ್ತೆ ಬರುತ್ತವೆ. ‘ಸುತ್ತು’ ಎಂದರೆ ಬೆಟ್ಟವನ್ನು ಬಳಸಿ ಹೋಗುವ ಒಂದು ಪೂರ್ಣ ಗೋಡೆ. ‘ಬತೇರಿ’ ಎಂದರೆ ತೋಪು ಇಡಲು, ಕಾವಲು ಕಾಯಲು ಎತ್ತರದಲ್ಲಿ ಕಟ್ಟಿದ ಬುರುಜು. ಬೇರೆಡೆ ಕೊತ್ತಳ ಎನ್ನುವುದನ್ನು ದುರ್ಗದವರು ಹೆಚ್ಚಾಗಿ ಬತೇರಿ ಎನ್ನುತ್ತಾರೆ. ‘ತೆನೆ’ ಎಂದರೆ ಗೋಡೆಯ ತುದಿಯಲ್ಲಿ ಸಾಲಾಗಿ ನಿಂತ, ಸೈನಿಕರಿಗೆ ಮರೆ ಕೊಡುವ ಹಲ್ಲಿನಾಕಾರದ ಕಟ್ಟಡ. ‘ದಿಡ್ಡಿ’ ಎಂದರೆ ಹೆಬ್ಬಾಗಿಲನ್ನು ತೆರೆಯದೆ ಒಬ್ಬಿಬ್ಬರು ಓಡಾಡಲು ಇಟ್ಟ ಚಿಕ್ಕ ಬಾಗಿಲು. ‘ಕಿಂಡಿ’ ಅದಕ್ಕಿಂತಲೂ ಚಿಕ್ಕದು. ‘ದೋಣಿ’ ಎಂಬ ಪದ ಕೇಳಿ ಹರಿಗೋಲು ಹುಡುಕಬೇಡಿ. ಬಂಡೆಗಳ ನಡುವೆ ನೀರು ನಿಲ್ಲುವ ಉದ್ದನೆಯ ತಗ್ಗಿಗೆ ಬೆಟ್ಟದ ಊರುಗಳಲ್ಲಿ ದೋಣಿ ಎನ್ನುವುದು ರೂಢಿ. ‘ಹೊಂಡ’ ಎಂದರೆ ಕಟ್ಟೆ ಹಾಕಿ, ಮೆಟ್ಟಿಲು ಕಟ್ಟಿದ ಜಲಾಶಯ.

ಹಂತ 1: ದಿನವನ್ನು ಆರಿಸಿಕೊಳ್ಳಿ

ಅಕ್ಟೋಬರಿನಿಂದ ಫೆಬ್ರುವರಿಯವರೆಗಿನ ತಿಂಗಳುಗಳು ನಡಿಗೆಗೆ ಅತ್ಯುತ್ತಮ. ಮುಂಗಾರಿನಲ್ಲಿ ಇಲ್ಲಿ ಮಲೆನಾಡಿನಂತೆ ಜಡಿಮಳೆ ಹಿಡಿಯುವುದಿಲ್ಲ. ಮೋಡ ಮುಸುಕಿದ, ಗಾಳಿ ಬೀಸುವ ದಿನಗಳು ಹೆಚ್ಚು, ಹೊಂಡಗಳಲ್ಲಿಯೂ ನೀರಿರುತ್ತದೆ. ಆದ್ದರಿಂದ ನನ್ನ ಆಯ್ಕೆ ಕೇಳಿದರೆ ಮಳೆಗಾಲದ ಕೊನೆ. ಆದರೆ ಒಂದು ಹನಿ ಬಿದ್ದರೂ ಬಂಡೆ ಜಾರುತ್ತದೆ, ಅಂದು ಮೂರನೆಯ ಹಂತದ ಏರನ್ನು ಕೈಬಿಡಬೇಕು. ಮಾರ್ಚಿನಿಂದ ಮೇ ತಿಂಗಳವರೆಗೆ ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಹೋಗಿ, ಹತ್ತೂವರೆಯೊಳಗೆ ಹೊರಗೆ ಬನ್ನಿ.

ಭಾನುವಾರ ಮತ್ತು ಶಾಲಾ ಪ್ರವಾಸಗಳ ಕಾಲವಾದ ಡಿಸೆಂಬರ್‌ನಲ್ಲಿ ಕಿಂಡಿಯ ಮುಂದೆ ಸಾಲು ಹಚ್ಚಿ ನಿಲ್ಲಬೇಕಾಗುತ್ತದೆ. ವಾರದ ನಡುವಿನ ದಿನ ಸಿಕ್ಕರೆ ಅದನ್ನೇ ಹಿಡಿಯಿರಿ.

ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 200 ಕಿಲೋಮೀಟರ್. ಬೆಳಿಗ್ಗೆ ಹೊರಟು ಅದೇ ದಿನ ಹತ್ತಿ, ಅದೇ ರಾತ್ರಿ ಹಿಂದಿರುಗುವ ಯೋಜನೆಯನ್ನು ಬಹಳ ಮಂದಿ ಮಾಡುತ್ತಾರೆ; ಮೇಲೆ ಹೇಳಿದ ಹನ್ನೊಂದು ಗಂಟೆಯ ತಪ್ಪು ಹುಟ್ಟುವುದು ಇಲ್ಲಿಯೇ. ಹಿಂದಿನ ರಾತ್ರಿ ಊರಿನಲ್ಲಿ ತಂಗುವುದು, ಅಥವಾ ನಸುಕಿಗೆ ತಲುಪುವ ಬಸ್ಸು ಹಿಡಿಯುವುದು ಸರಿಯಾದ ದಾರಿ. ದಾವಣಗೆರೆ 60 ಕಿಲೋಮೀಟರಿನಷ್ಟೇ ದೂರವಿರುವುದರಿಂದ ಆ ಕಡೆಯವರಿಗೆ ಈ ತೊಂದರೆಯಿಲ್ಲ. ರೈಲಿನಲ್ಲಿ ಬರುವವರು ಬೆಂಗಳೂರು–ಹುಬ್ಬಳ್ಳಿ ಮಾರ್ಗದ ಚಿಕ್ಕಜಾಜೂರಿನಲ್ಲಿ ಇಳಿದು ಮುಂದಕ್ಕೆ ಬರಬಹುದು. ಆದರೆ ಒಂದು ದಿನದ ಪ್ರವಾಸಕ್ಕೆ ಬಸ್ಸೇ ಅನುಕೂಲ.

ಹಂತ 2: ಚೀಲದಲ್ಲಿ ಏನಿರಬೇಕು

ತಲಾ ಎರಡು ಲೀಟರ್ ನೀರು. ಇದಕ್ಕಿಂತ ಕಡಿಮೆ ಬೇಡ. ಹೊಂಡಗಳ ನೀರು ಎಷ್ಟು ತಿಳಿಯಾಗಿ ಕಂಡರೂ ಕುಡಿಯುವುದಕ್ಕಲ್ಲ.

ಅಟ್ಟೆ ಹಿಡಿಯುವ ಬೂಟು ಬೇಕು. ಸವೆದ ಅಟ್ಟೆಯ ಚಪ್ಪಲಿ ಹಾಕಿಕೊಂಡು ಬಂದವರು ಎರಡನೆಯ ಬಂಡೆಯಲ್ಲಿಯೇ ಕುಳಿತುಬಿಡುತ್ತಾರೆ. ಜೊತೆಗೆ ಒಂದು ಜೊತೆ ದಪ್ಪ ಕಾಲುಚೀಲ ಇಟ್ಟುಕೊಳ್ಳಿ. ಗುಡಿಗಳ ಮುಂದೆ ಪಾದರಕ್ಷೆ ಬಿಟ್ಟು ಅಂಗಳ ದಾಟಬೇಕು, ಮಧ್ಯಾಹ್ನದ ಹಾಸುಗಲ್ಲು ರೊಟ್ಟಿಯ ಹಂಚಿನಂತಿರುತ್ತದೆ. ನನ್ನ ಮೊದಲ ಭೇಟಿಯಲ್ಲಿ ಈ ಪಾಠವನ್ನು ಅಂಗಾಲಿನಿಂದ ಕಲಿತಿದ್ದೇನೆ.

ಟೋಪಿ ಅಥವಾ ಟವೆಲು, ಚಿಕ್ಕ ಟಾರ್ಚು (ಚಂದ್ರವಳ್ಳಿಗಾಗಿ, ಮೊಬೈಲಿನ ದೀಪ ಹಿಡಿದರೆ ಒಂದು ಕೈ ಕಟ್ಟಿದಂತೆ), ಮತ್ತು ಹೆಗಲಿಗೆ ಬಿಗಿಯಾಗಿ ಕೂರುವ ಚೀಲ. ಕೈಯಲ್ಲಿ ಏನನ್ನೂ ಹಿಡಿಯಬೇಡಿ, ಅದರಲ್ಲಿಯೂ ಪ್ಲಾಸ್ಟಿಕ್ ಕವರನ್ನು. ಕೋಟೆಯ ಕೋತಿಗಳಿಗೆ ಕವರೆಂದರೆ ತಿಂಡಿ ಎಂದೇ ಲೆಕ್ಕ, ಅವು ಕೇಳಿ ಪಡೆಯುವ ಪದ್ಧತಿಯವಲ್ಲ.

ತಿಂಡಿಯನ್ನು ಊರಿನಲ್ಲಿಯೇ ಮುಗಿಸಿ ಬನ್ನಿ. ಒಳಗೆ ಹೊಟ್ಟೆ ತುಂಬುವಂಥದ್ದು ಸಿಗುತ್ತದೆಂದು ನಂಬಬೇಡಿ. ಒಣ ಹಣ್ಣು, ಕಡಲೆಕಾಯಿ ಚಿಕ್ಕಿಯಂಥವನ್ನು ಚೀಲದ ತಳದಲ್ಲಿ ಇಟ್ಟುಕೊಂಡರೆ ಮಧ್ಯಾಹ್ನದವರೆಗೆ ಸಾಕು.

ಹಂತ 3: ಬಾಗಿಲುಗಳು, ಮೇಲಿನ ಬತೇರಿ (ಬೆಳಿಗ್ಗೆ ತೆರೆದ ಹೊತ್ತಿನಿಂದ ಒಂಬತ್ತೂವರೆಯವರೆಗೆ)

ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಭಾರತೀಯರಿಗೆ ಪ್ರವೇಶ ದರ 25 ರೂಪಾಯಿ, ವಿದೇಶಿಯರಿಗೆ 300. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಉಚಿತ. ದರ ಮತ್ತು ವೇಳೆ ಬದಲಾಗುವುದುಂಟು, ಹೊರಡುವ ಹಿಂದಿನ ದಿನ ಒಮ್ಮೆ ಖಚಿತಪಡಿಸಿಕೊಳ್ಳಿ. ಬಾಗಿಲಿನ ಬಳಿ ಮಾರ್ಗದರ್ಶಿಗಳು ಸಿಗುತ್ತಾರೆ. ಮೊದಲ ಸಲ ಬರುವವರು ಒಬ್ಬರನ್ನು ಕರೆದುಕೊಳ್ಳುವುದು ಒಳ್ಳೆಯದು; ಆದರೆ ಎಷ್ಟು ಹಣ, ಎಷ್ಟು ಹೊತ್ತು, ಎಲ್ಲೆಲ್ಲಿಗೆ ಎಂಬ ಮೂರನ್ನೂ ಹತ್ತುವ ಮುನ್ನವೇ ಮಾತಾಡಿಕೊಳ್ಳಿ. ಹಾಗೆ ಮಾಡದಿದ್ದರೆ ಒಂದೂವರೆ ಗಂಟೆಯಲ್ಲಿ ಕಿಂಡಿ ತೋರಿಸಿ ಕೆಳಗಿಳಿಸುವ ಸಂಕ್ಷಿಪ್ತ ಸುತ್ತೇ ನಿಮ್ಮ ಪಾಲಿಗೆ ಬರಬಹುದು.

‘ಏಳು ಸುತ್ತಿನ ಕೋಟೆ’ ಎಂಬ ಮಾತನ್ನು ಕೇಳಿ ಬಂದವರು ಒಳಗೆ ಏಳು ಗೋಡೆಗಳನ್ನು ಎಣಿಸಲು ಹೊರಡುತ್ತಾರೆ, ಲೆಕ್ಕ ತಪ್ಪಿ ಗೊಂದಲಗೊಳ್ಳುತ್ತಾರೆ. ಏಳರಲ್ಲಿ ಮೂರು ಸುತ್ತುಗಳು ನೆಲಮಟ್ಟದಲ್ಲಿ, ನಾಲ್ಕು ಬೆಟ್ಟದ ಮೇಲೆ ಎಂಬುದು ರೂಢಿಯ ಲೆಕ್ಕ. ನೆಲದ ಸುತ್ತುಗಳ ನಡುವೆ ಈಗ ಊರು ಬೆಳೆದಿದೆ. ಪೇಟೆಯಲ್ಲಿ ಎದುರಾಗುವ ರಂಗಯ್ಯನ ಬಾಗಿಲು ಅಂಥ ಹೊರ ಬಾಗಿಲುಗಳಲ್ಲಿ ಒಂದು. ಅದರ ಬಳಿಯಲ್ಲೇ ವಸ್ತುಸಂಗ್ರಹಾಲಯವೂ ಇದೆ. ಅಂದರೆ ನೀವು ಟಿಕೆಟ್ ಪಡೆಯುವ ಹೊತ್ತಿಗಾಗಲೇ ಕೋಟೆಯ ಒಳಗೆ ಬಂದಿರುತ್ತೀರಿ.

ಮೊದಲ ಬಾಗಿಲುಗಳ ನಡುವಿನ ದಾರಿಯಲ್ಲಿ ಅವಸರ ಮಾಡಬೇಡಿ. ಗೋಡೆಯಲ್ಲಿ ಕೆತ್ತಿದ ಹಾವಿನ ಉಬ್ಬುಶಿಲ್ಪವನ್ನು ನೋಡಿ, ಮುಂದಿನ ದಾರಿಯೂ ಅದರಂತೆಯೇ ಬಳುಕಿಕೊಂಡು ಹೋಗುವುದನ್ನು ಗಮನಿಸಿ. ಯಾವ ಬಾಗಿಲಿನಿಂದಲೂ ಮುಂದಿನ ಬಾಗಿಲು ನೇರವಾಗಿ ಕಾಣುವುದಿಲ್ಲ. ಆನೆಯನ್ನಾಗಲಿ, ಬಾಗಿಲು ಮುರಿಯುವ ತೊಲೆಯನ್ನಾಗಲಿ ದೂರದಿಂದ ಓಡಿಸಿಕೊಂಡು ಬಂದು ಗುದ್ದಲು ಜಾಗವೇ ಸಿಗದಂತೆ, ಪ್ರತಿ ಬಾಗಿಲಿನ ಮುಂದೆಯೂ ದಾರಿ ತಟ್ಟನೆ ತಿರುಗುತ್ತದೆ. ಆ ತಿರುವಿನಲ್ಲಿ ನಿಂತವನ ಮೂರು ಕಡೆಗೂ ಎತ್ತರದ ಗೋಡೆ, ಗೋಡೆಯ ಮೇಲೆ ಬಂದೂಕಿನ ಕಿಂಡಿ. ಒಮ್ಮೆ ಆ ತಿರುವಿನ ನಡುವೆ ನಿಂತು ತಲೆಯೆತ್ತಿ ನೋಡಿ. ಗೋಡೆಯ ಕಲ್ಲುಗಳನ್ನೂ ಹತ್ತಿರದಿಂದ ನೋಡಿ: ಗಾರೆಯಿಲ್ಲದೆ, ಒಂದರ ಅಂಚಿಗೆ ಇನ್ನೊಂದನ್ನು ಕಡಿದು ಕೂರಿಸಿದ ದೊಡ್ಡ ಕಲ್ಲುಗಳು. ಬಂಡೆಗಳ ಮೇಲೆ ಅಲ್ಲಲ್ಲಿ ಸಾಲಾಗಿ ಕಾಣುವ ಚಿಕ್ಕ ಕುಳಿಗಳು ಕಲ್ಲು ಸೀಳಲು ಬೆಣೆ ಹೊಡೆದ ಗುರುತುಗಳು. ಬೆಟ್ಟವನ್ನು ಕಾಯುವ ಗೋಡೆಗೆ ಬೆಟ್ಟವೇ ಕಲ್ಲು ಕೊಟ್ಟಿದೆ.

ಬಾಗಿಲುಗಳನ್ನು ದಾಟಿದ ಮೇಲೆ ಮದ್ದು ಬೀಸುವ ಕಲ್ಲುಗಳು ಸಿಗುತ್ತವೆ. ಮದ್ದು ಎಂದರೆ ಇಲ್ಲಿ ಸಿಡಿಮದ್ದು. ತಗ್ಗಿನಲ್ಲಿ ಇಟ್ಟಿರುವ ನಾಲ್ಕು ಭಾರಿ ಬೀಸುಕಲ್ಲುಗಳನ್ನು ಆನೆಗಳಿಂದ ತಿರುಗಿಸುತ್ತಿದ್ದರೆಂದು ಹೇಳುತ್ತಾರೆ. ನೋಡಿ ಮುಂದೆ ಸಾಗಿ, ಈಗಿನ ಹೊತ್ತು ಅಮೂಲ್ಯ.

ಏಕೆಂದರೆ ಕೋಟೆಯ ಅತ್ಯಂತ ಕಠಿಣ ಭಾಗವನ್ನು ಬಿಸಿಲೇರುವ ಮುನ್ನ ಮುಗಿಸಬೇಕು. ಅದು ತುಪ್ಪದ ಕೊಳದ ಬತೇರಿ. ತುಪ್ಪವನ್ನು ಕೂಡಿಡುತ್ತಿದ್ದ ಕಲ್ಲಿನ ತೊಟ್ಟಿಯಿಂದ ಆ ಹೆಸರು ಬಂದಿತೆಂಬುದು ಸ್ಥಳೀಯರ ಮಾತು. ಇಲ್ಲಿಗೆ ಹೋಗಲು ಕಟ್ಟಿದ ಮೆಟ್ಟಿಲುಗಳಿಲ್ಲ; ಕಡಿದಾದ ಬಂಡೆಯಲ್ಲಿ ಪಾದ ಊರುವಷ್ಟೇ ಅಗಲದ ಗುಳಿಗಳನ್ನು ಕೊರೆದಿದ್ದಾರೆ. ಮೇಲಿನಿಂದ ಇಡೀ ಕೋಟೆ, ಊರು, ಸುತ್ತಲಿನ ಗುಡ್ಡಗಳ ಸಾಲು ಮತ್ತು ಅವುಗಳ ನೆತ್ತಿಯ ಗಾಳಿಯಂತ್ರಗಳು ಕಾಣುತ್ತವೆ. ಕೋಟೆಯ ವಿನ್ಯಾಸ ಒಂದೇ ನೋಟಕ್ಕೆ ಅರ್ಥವಾಗುವ ಜಾಗ ಇದೊಂದೇ.

ಈ ಏರಿನ ಬಗ್ಗೆ ನಾಲ್ಕು ಮಾತು. ಹತ್ತುವಾಗ ಬಂಡೆಗೆ ಮುಖ ಮಾಡಿ, ಮೈಯನ್ನು ಮುಂದಕ್ಕೆ ಬಾಗಿಸಿ, ಒಂದು ಕೈ ಬಂಡೆಯ ಮೇಲಿರಲಿ. ಇಳಿಯುವಾಗ ಭಯವಾದರೆ ನಾಚಿಕೆಪಡದೆ ಕುಳಿತು ಇಳಿಯಿರಿ, ಅಥವಾ ಏಣಿ ಇಳಿಯುವಂತೆ ಹಿಮ್ಮುಖವಾಗಿ ಬನ್ನಿ. ಬಿದ್ದವರು ಹೆಚ್ಚಾಗಿ ಬೀಳುವುದು ಇಳಿಯುವಾಗಲೇ. ಗುಳಿಗಳನ್ನು ಬಿಟ್ಟು ಪಕ್ಕದ ನುಣುಪು ಬಂಡೆಯಲ್ಲಿ ಹತ್ತಬೇಡಿ. ಕೋಟೆಯಲ್ಲಿ ಗೋಡೆಗಳನ್ನು ಬರಿಗೈಯಲ್ಲಿ ಹತ್ತಿ ತೋರಿಸುವ ಯುವಕರನ್ನು ನೀವು ಕಾಣಬಹುದು, ಅದು ವರ್ಷಗಳ ಅಭ್ಯಾಸ. ಮಕ್ಕಳು ಅವರನ್ನು ಅನುಕರಿಸದಂತೆ ಕಣ್ಣಿಟ್ಟಿರಿ. ಮಂಡಿನೋವು, ತಲೆಸುತ್ತು ಇರುವವರು, ಚಿಕ್ಕ ಮಕ್ಕಳನ್ನು ಎತ್ತಿಕೊಂಡವರು ಬತೇರಿಯನ್ನು ಬಿಟ್ಟು ಮುಂದಿನ ಹಂತಕ್ಕೆ ನೇರವಾಗಿ ಹೋಗಲಿ. ಬಂಡೆ ಒದ್ದೆಯಾಗಿದ್ದರೆ ಯಾರೂ ಹತ್ತಬಾರದು.

ಹಂತ 4: ಗುಡಿಗಳ ಆವರಣ (ಹನ್ನೊಂದರವರೆಗೆ)

ಈಗ ದಾರಿ ಸುಗಮ. ಏಕನಾಥೇಶ್ವರಿ ದೇವಾಲಯ, ಸಂಪಿಗೆ ಸಿದ್ಧೇಶ್ವರ, ಹಿಡಿಂಬೇಶ್ವರ, ಮುರುಘಾ ಮಠ ಇವೆಲ್ಲ ಈ ಭಾಗದಲ್ಲಿವೆ. ಏಕನಾಥೇಶ್ವರಿ ದುರ್ಗದ ಜನರ ದೇವತೆ, ಅವರ ಬಾಯಲ್ಲಿ ಏಕನಾಥಮ್ಮ; ಪೂಜೆ ನಡೆಯುವ ಗುಡಿಯಾದ್ದರಿಂದ ಪ್ರವಾಸಿಗರಂತೆ ಗದ್ದಲ ಮಾಡದೆ ಭಕ್ತರಿಗೆ ದಾರಿ ಬಿಡಿ. ಗುಡಿಗಳ ಎದುರಿನ ಬಯಲಿನಲ್ಲಿ ಎತ್ತರದ ದೀಪಸ್ತಂಭ ಮತ್ತು ಉಯ್ಯಾಲೆ ಕಂಬಗಳು ನಿಂತಿವೆ. ಉಯ್ಯಾಲೆ ಕಂಬ ಎಂದರೆ ಎರಡು ಕಲ್ಲುಗಂಬಗಳ ಮೇಲೆ ಅಡ್ಡತೊಲೆ ಇಟ್ಟು, ಉತ್ಸವದ ದಿನ ದೇವರನ್ನು ತೂಗಲು ಮಾಡಿದ ಏರ್ಪಾಡು. ಮಕ್ಕಳು ಅದಕ್ಕೆ ಜೋತುಬೀಳುವುದು ಬೇಡ.

ಹಿಡಿಂಬೇಶ್ವರ ಗುಡಿ ಬೆಟ್ಟದ ಹಳೆಯ ಗುಡಿಗಳಲ್ಲಿ ಒಂದು. ಭೀಮನಿಂದ ಹತನಾದ ಹಿಡಿಂಬಾಸುರ ವಾಸಿಸುತ್ತಿದ್ದ ಬೆಟ್ಟ ಇದೆಂಬುದು ಐತಿಹ್ಯ. ಆತನದೆಂದು ಹೇಳುವ ಹಲ್ಲೊಂದನ್ನು ಗುಡಿಯಲ್ಲಿ ಇಟ್ಟಿದ್ದಾರೆ. ಯಾವುದೋ ದೊಡ್ಡ ಪ್ರಾಣಿಯದಿರಬಹುದೆಂದು ನನ್ನ ಊಹೆ, ಆದರೆ ಗುಡಿಯೊಳಗೆ ನಿಂತು ಆ ವಾದ ಹೂಡುವ ಅಗತ್ಯವಿಲ್ಲ. ಕೋಟೆಯಲ್ಲಿ ಕೇಳುವ ಮಾತುಗಳಲ್ಲಿ ಶಾಸನದಲ್ಲಿರುವುದು ಯಾವುದು, ಜನರ ನೆನಪಿನಲ್ಲಿ ಉಳಿದು ಬಂದದ್ದು ಯಾವುದು, ಪುರಾಣ ಯಾವುದು ಎಂದು ಮನಸ್ಸಿನಲ್ಲಿಯೇ ಬೇರ್ಪಡಿಸಿಕೊಂಡರೆ ಸಾಕು. ಮಾರ್ಗದರ್ಶಿಯನ್ನು ಕೇಳಿದರೆ ಬಹುತೇಕರು ಪ್ರಾಮಾಣಿಕವಾಗಿಯೇ ಹೇಳುತ್ತಾರೆ.

ಇಲ್ಲಿಂದ ಸ್ವಲ್ಪ ದೂರದಲ್ಲಿ ಅರಮನೆಯ ಅವಶೇಷ, ಟಂಕಸಾಲೆ, ಕಣಜಗಳೆಂದು ಗುರುತಿಸುವ ಮಣ್ಣಿನ ಗೋಡೆಗಳು ಸಿಗುತ್ತವೆ. ಟಂಕಸಾಲೆ ಎಂದರೆ ನಾಣ್ಯ ಅಚ್ಚುಹಾಕುವ ಜಾಗ. ಹೆಚ್ಚಿನವರು ಇವುಗಳ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ, ಹಾಳು ಗೋಡೆ ಎಂದುಕೊಂಡು ಮುಂದೆ ಹೋಗುತ್ತಾರೆ. ಚಾವಣಿ ಹೋಗಿ, ಮಳೆಗೆ ಬಿಸಿಲಿಗೆ ಒಡ್ಡಿಕೊಂಡು ಎರಡು ಶತಮಾನಕ್ಕೂ ಮೀರಿ ನಿಂತಿರುವ ಮಣ್ಣು ಅದು. ನನಗಂತೂ ಕಲ್ಲಿನ ಗೋಡೆಗಿಂತ ಅದರ ಮೇಲೆಯೇ ಬೆರಗು. ಒರಗಬೇಡಿ, ಹತ್ತಬೇಡಿ. ಹೆಸರು ಕೆತ್ತುವ ಚಟದವರಿಗೆ ಒಂದು ಮಾಹಿತಿ: ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಲು ಕಾನೂನಿನಲ್ಲಿ ಅವಕಾಶವಿದೆ. ಡ್ರೋನ್ ಹಾರಿಸಲು ಮುಂಚಿತ ಅನುಮತಿ ಬೇಕು.

ವಯಸ್ಸಾದವರ ನಡಿಗೆಯನ್ನು ಇಲ್ಲಿಗೆ ನಿಲ್ಲಿಸಿ, ನೆರಳಿನಲ್ಲಿ ಕೂರಿಸಿ, ಉಳಿದವರು ಮುಂದಿನ ಹಂತ ಮುಗಿಸಿಕೊಂಡು ಬರಬಹುದು.

ಹಂತ 5: ನೀರಿನ ಜಾಡು, ಓಬವ್ವನ ಕಿಂಡಿ (ಮಧ್ಯಾಹ್ನ ಹನ್ನೆರಡೂವರೆಯವರೆಗೆ)

ಗೋಪಾಲಸ್ವಾಮಿ ಹೊಂಡ ಮತ್ತು ಅಕ್ಕ ತಂಗಿಯರ ಹೊಂಡಗಳನ್ನು ಬಿಟ್ಟು ಬಂದವರು ಕೋಟೆಯನ್ನು ಅರ್ಧ ನೋಡಿದಂತೆ ಎಂಬುದು ನನ್ನ ಖಚಿತ ಅಭಿಪ್ರಾಯ. ಮಳೆ ಕಡಿಮೆ ಬೀಳುವ ಈ ಸೀಮೆಯಲ್ಲಿ ಸಾವಿರಾರು ಜನ, ಕುದುರೆ, ಆನೆಗಳನ್ನು ಕಟ್ಟಿಕೊಂಡು ತಿಂಗಳುಗಟ್ಟಲೆ ಮುತ್ತಿಗೆಯನ್ನು ತಾಳಿಕೊಳ್ಳಬೇಕಾದರೆ ಗೋಡೆ ಎಷ್ಟು ಎತ್ತರವಿದ್ದರೇನು, ಒಳಗೆ ನೀರಿರಬೇಕು. ಬರಿಯ ಬಂಡೆಯ ಮೇಲೆ ಬಿದ್ದ ಮಳೆ ಇಂಗುವುದಿಲ್ಲ, ಹರಿದು ಹೋಗುತ್ತದೆ. ದುರ್ಗವನ್ನು ಕಟ್ಟಿದವರು ಆ ಹರಿವನ್ನೇ ಹಿಡಿದರು. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿ ಕೋಡಿ ಬಿದ್ದರೆ ನೀರು ಅಕ್ಕ ತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗಿನ ಸಿಹಿನೀರು ಹೊಂಡಕ್ಕೆ, ಕಡೆಗೆ ಪೇಟೆಯ ಸಂತೆ ಹೊಂಡಕ್ಕೆ ಇಳಿಯುವಂತೆ ಸರಪಳಿಯಾಗಿ ಜೋಡಿಸಿದ್ದಾರೆ. (ಕೋಡಿ ಎಂದರೆ ತುಂಬಿದ ಕೆರೆಯ ಹೆಚ್ಚುವರಿ ನೀರು ಹೊರಬೀಳುವ ಜಾಗ.) ಕೆಳಗಿನ ಎರಡು ಹೊಂಡಗಳನ್ನು ಹಿಂದಿರುಗುವಾಗ ಊರಿನಲ್ಲಿ ನೋಡಿದರೆ ಈ ಜಾಡು ಪೂರ್ಣವಾಗುತ್ತದೆ. ಹೊಂಡದ ಮೆಟ್ಟಿಲುಗಳಲ್ಲಿ ಪಾಚಿ ಇರುತ್ತದೆ, ಆಳ ಹೊರಗಿನಿಂದ ತಿಳಿಯುವುದಿಲ್ಲ. ಈಜಲು, ಕಾಲು ತೊಳೆಯಲು ಇಳಿಯಬೇಡಿ.

ನೀರನ್ನು ನೋಡಿದ ಮೇಲೆ ಕಿಂಡಿಗೆ ಹೋಗಬೇಕು ಎನ್ನುವುದಕ್ಕೆ ಕಾರಣವಿದೆ. ಓಬವ್ವನ ಕಥೆಯೂ ನೀರಿನದೇ. ಕಹಳೆ ಊದುವ ಕಾವಲುಗಾರ ಮುದ್ದಹನುಮ ಊಟಕ್ಕೆ ಕುಳಿತಿದ್ದಾಗ ಹೆಂಡತಿ ಓಬವ್ವ ನೀರು ತರಲು ಹೋದಳೆಂದೂ, ಬಂಡೆಗಳ ನಡುವಿನ ಕಿಂಡಿಯಿಂದ ಹೈದರಾಲಿಯ ಸೈನಿಕರು ನುಸುಳುತ್ತಿರುವುದನ್ನು ಕಂಡು, ಒನಕೆ ಹಿಡಿದು ನಿಂತು ಒಬ್ಬೊಬ್ಬರನ್ನೇ ಹೊಡೆದಳೆಂದೂ ದುರ್ಗ ಇಂದಿಗೂ ಹೇಳುತ್ತದೆ. ಅವಳು ನೀರಿಗೆ ಬಂದಳೆನ್ನುವ ತಣ್ಣೀರು ದೋಣಿ ಕಿಂಡಿಯ ಸಮೀಪದಲ್ಲಿಯೇ ಇದೆ. ಗುಡಿಗಳ ಕಡೆಯಿಂದ ಪಕ್ಕಕ್ಕೆ ಇಳಿದು ಹೋಗುವ ದಾರಿಗೆ ಫಲಕವಿದೆ, ಅದನ್ನು ಅನುಸರಿಸಿ.

ಕಿಂಡಿಯ ಮುಂದೆ ನಿಂತವರಲ್ಲಿ ಅನೇಕರು ‘ಇಷ್ಟೇನಾ?’ ಎನ್ನುತ್ತಾರೆ. ಚಲನಚಿತ್ರದಲ್ಲಿ ನೋಡಿದ ನೆನಪು ಅವರಿಗೆ ಅಡ್ಡ ಬರುತ್ತದೆ. ಆದರೆ ಕಥೆಯ ತರ್ಕವೆಲ್ಲ ಆ ಚಿಕ್ಕತನದಲ್ಲಿಯೇ ಇದೆ: ಒಬ್ಬ ಮನುಷ್ಯ ಮೈ ಹಿಡಿಮಾಡಿಕೊಂಡು, ತಲೆ ಮುಂದೆ ಮಾಡಿ ಮಾತ್ರ ನುಗ್ಗಬಲ್ಲ, ಕತ್ತಿ ಬೀಸಲು ತೋಳಿಗೆ ಜಾಗವಿಲ್ಲ, ಹಿಂದಿನವನಿಗೆ ಮುಂದಿನವನ ಗತಿ ಕಾಣುವುದಿಲ್ಲ. ಸ್ಥೂಲಕಾಯದವರು, ಇಕ್ಕಟ್ಟಿನಲ್ಲಿ ಉಸಿರುಗಟ್ಟುವವರು ನುಸುಳಲು ಹೋಗಬೇಡಿ, ಹೊರಗಿನಿಂದಲೇ ಚೆನ್ನಾಗಿ ಕಾಣುತ್ತದೆ. ಒಬ್ಬರು ಹೊರಬಂದ ಮೇಲೆ ಇನ್ನೊಬ್ಬರು ಹೋಗಿ, ಕಿಂಡಿಯ ಬಾಯಲ್ಲಿ ಕುಳಿತು ಫೋಟೊ ತೆಗೆಸಿಕೊಳ್ಳುವವರು ಹಿಂದಿನ ಸಾಲನ್ನೂ ಒಮ್ಮೆ ನೋಡಿ.

ಹನ್ನೆರಡೂವರೆಗೆ ಇಳಿಯತೊಡಗಿ. ಏನಾದರೂ ಉಳಿದಿದ್ದರೆ ಉಳಿಯಲಿ.

ದಾರಿಯಲ್ಲಿ ಎದುರಾಗಬಹುದಾದ ಅಪಾಯಗಳು

ಕೋತಿಗಳ ವಿಷಯ ಹೇಳಿಯಾಯಿತು. ಅವಕ್ಕಿಂತ ನಾನು ಹೆಚ್ಚು ಹೆದರುವುದು ಹೆಜ್ಜೇನಿಗೆ. ದೊಡ್ಡ ಬಂಡೆಗಳ ಚಾಚಿನ ಕೆಳಗೆ, ಎತ್ತರದ ಬಾಗಿಲುಗಳ ಸಂದಿನಲ್ಲಿ ಕಪ್ಪಗೆ ಜೋತ ತಟ್ಟಿ ಕಂಡರೆ ಸದ್ದು ಮಾಡದೆ ದೂರ ಸರಿಯಿರಿ. ಹತ್ತಿರದಲ್ಲಿ ಹೊಗೆ, ಕಲ್ಲು ತೂರಾಟ, ಘಾಟು ಸುಗಂಧದ್ರವ್ಯ ಯಾವುದೂ ಬೇಡ. ಎದ್ದ ಜೇನು ಬೆನ್ನಟ್ಟಿದರೆ ಕೈ ಬೀಸದೆ, ಮುಖ ತಲೆಗಳನ್ನು ಟವೆಲಿನಿಂದ ಮುಚ್ಚಿಕೊಂಡು ದೂರಕ್ಕೆ ಓಡಬೇಕು. ಆದರೆ ಬಂಡೆಯ ಅಂಚಿನ ಕಡೆಗಲ್ಲ. ನೀರಿಗೆ ಹಾರುವುದೂ ಪರಿಹಾರವಲ್ಲ.

ಕಲ್ಲುಸಂದಿಗಳಲ್ಲಿ ಹಾವು ಚೇಳುಗಳಿರುತ್ತವೆ, ಕಾಣದ ಜಾಗಕ್ಕೆ ಕೈ ಹಾಕಬೇಡಿ, ಕೂರುವ ಮುನ್ನ ನೋಡಿ ಕೂರಿ. ಪೊದೆ ಬೆಳೆದ ಹಿಂಬದಿಯ ದಾರಿಗಳಲ್ಲಿ ಒಬ್ಬರೇ ಹೋಗುವುದು, ಕತ್ತಲಾಗುವವರೆಗೆ ಉಳಿಯುವುದು ಬೇಡ. ಈ ಬೆಟ್ಟಗಳ ಸಾಲು ಮುಂದೆ ಜೋಗಿಮಟ್ಟಿಯ ಕಾಡಿನತ್ತ ಸಾಗುತ್ತದೆ, ಆ ಕಡೆ ಕರಡಿ ಚಿರತೆಗಳ ಓಡಾಟವಿದೆ.

ತಲೆನೋವು, ವಾಕರಿಕೆ, ಬೆವರು ನಿಂತು ಮೈ ಬಿಸಿಯಾಗುವುದು ಇವು ಬಿಸಿಲಿನ ಹೊಡೆತದ ಲಕ್ಷಣಗಳು. ಯಾರಿಗಾದರೂ ಹೀಗಾದರೆ ನಡಿಗೆಯನ್ನು ಅಲ್ಲಿಗೇ ನಿಲ್ಲಿಸಿ, ನೆರಳಿಗೆ ಕರೆದೊಯ್ದು, ಮೈ ಒದ್ದೆ ಮಾಡಿ, ಬಾಗಿಲಿನ ಸಿಬ್ಬಂದಿಗೆ ಸುದ್ದಿ ಮುಟ್ಟಿಸಿ, 108ಕ್ಕೆ ಕರೆ ಮಾಡಿ.

ಹಂತ 6: ಊಟ, ವಿಶ್ರಾಂತಿ

ಊರಿಗೆ ಇಳಿದು ಊಟ ಮಾಡಿ. ಜೋಳದ ರೊಟ್ಟಿ, ಮುದ್ದೆ ಎರಡೂ ಸಿಗುವ ಗಡಿಯ ಊರು ಇದು. ಮೂರು ಗಂಟೆಯವರೆಗೆ ಎಲ್ಲಿಗೂ ಹೊರಡಬೇಡಿ. ಸುಮ್ಮನೆ ಕೂರಲಾಗದವರು ರಂಗಯ್ಯನ ಬಾಗಿಲಿನ ವಸ್ತುಸಂಗ್ರಹಾಲಯಕ್ಕೆ ಈ ಹೊತ್ತಿನಲ್ಲಿ ಹೋಗಬಹುದು. ರಜೆಯ ದಿನವೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಹಂತ 7: ಚಂದ್ರವಳ್ಳಿ (ಮೂರರಿಂದ ಐದೂವರೆಯವರೆಗೆ)

ಊರಿನ ಅಂಚಿನಲ್ಲಿರುವ ಚಂದ್ರವಳ್ಳಿಗೆ ಆಟೊದಲ್ಲಿ ಹೋಗಬಹುದು. ಚಿತ್ರದುರ್ಗ, ಕಿರುಬನಕಲ್ಲು, ಚೋಳಗುಡ್ಡ ಎಂಬ ಮೂರು ಬೆಟ್ಟಗಳ ನಡುವಿನ ಕಣಿವೆ ಇದು. ಕೆರೆಯ ದಂಡೆಯ ಮರಗಳಿಂದಾಗಿ ಮಧ್ಯಾಹ್ನದ ನಂತರವೂ ತಂಪು. ಬೆಳಗಿನ ಬಿಸಿಲಿಗೆ ದಣಿದ ಕಾಲುಗಳಿಗೆ ಇದಕ್ಕಿಂತ ಒಳ್ಳೆಯ ಸಂಜೆಯ ಜಾಗ ಹತ್ತಿರದಲ್ಲಿಲ್ಲ.

ಇಲ್ಲಿ 1929ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರೂ, 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಉತ್ಖನನ ನಡೆಸಿದರು. ಶಾತವಾಹನರ ನಾಣ್ಯಗಳ ಜೊತೆಗೆ ರೋಮ್‌ನ ಚಕ್ರವರ್ತಿಗಳಾದ ಆಗಸ್ಟಸ್ ಮತ್ತು ಟೈಬೀರಿಯಸ್‌ರ ಬೆಳ್ಳಿಯ ನಾಣ್ಯಗಳು ಸಿಕ್ಕವು. ಬೆಳಿಗ್ಗೆ ನೀವು ಹತ್ತಿದ ಗೋಡೆಗಳಿಗಿಂತ ಒಂದೂವರೆ ಸಾವಿರ ವರ್ಷ ಹಿಂದಿನ ಮಾತು ಇದು.

ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಮಯೂರಶರ್ಮನ ಶಾಸನವಿದೆ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಕನ್ನಡ ಅಕ್ಷರ ಹುಡುಕಿ ನಿರಾಶರಾಗಬೇಡಿ. ಪಲ್ಲವರೂ ಸೇರಿದಂತೆ ಹಲವರನ್ನು ಗೆದ್ದ ಮಯೂರಶರ್ಮನು ಕೆರೆಯನ್ನು ಮಾಡಿಸಿದನೆಂದು ಅದರ ಸಾರ. ಶಾಸನ ಬಹಳ ಸವೆದಿದೆ. ಅಕ್ಷರ ಎದ್ದು ಕಾಣಲೆಂದು ಸುಣ್ಣ, ಬಳಪ ಬಳಿಯುವುದು, ನೀರು ಸುರಿಯುವುದು ಖಂಡಿತ ಕೂಡದು. ಸಂಜೆಯ ಓರೆ ಬೆಳಕಿನಲ್ಲಿ ಪಕ್ಕದಿಂದ ನೋಡಿದರೆ ಗೆರೆಗಳು ತಾವಾಗಿಯೇ ಕಾಣುತ್ತವೆ.

ಕೊನೆಯದಾಗಿ ಅಂಕಲಿ ಮಠದ ಗುಹೆ. ಒಂದರೊಳಗೊಂದು ಇರುವ ಕೋಣೆಗಳು, ಬಗ್ಗಿ ದಾಟಬೇಕಾದ ಬಾಗಿಲುಗಳು, ಕೆಳಗಿಳಿಯುವ ಮೆಟ್ಟಿಲುಗಳು, ಪೂರ್ಣ ಕತ್ತಲೆ. ದಾರಿ ಬಲ್ಲವರೊಬ್ಬರು ಮುಂದಿರದೆ ಇಳಿಯಬೇಡಿ, ಗುಂಪಿನ ಮೊದಲ ಹಾಗೂ ಕೊನೆಯ ವ್ಯಕ್ತಿಯ ಕೈಯಲ್ಲಿ ಟಾರ್ಚು ಇರಲಿ, ಪ್ರತಿ ಬಾಗಿಲಿನಲ್ಲೂ ತಲೆಯ ಮೇಲೆ ಒಂದು ಕೈ ಇಟ್ಟುಕೊಳ್ಳಿ. ಅಸ್ತಮಾ ಇರುವವರಿಗೆ ಒಳಗಿನ ಗಾಳಿ ಹಿತವಲ್ಲ. ಹೊರಗಿನ ಬೆಳಕು ಇರುವಾಗಲೇ ಮೇಲೆ ಬನ್ನಿ.

ಊರಿಗೆ ಮರಳುವಾಗ ಆಟೊದವರಿಗೆ ಸಿಹಿನೀರು ಹೊಂಡ, ಸಂತೆ ಹೊಂಡಗಳ ಮಾರ್ಗವಾಗಿ ಹೋಗಲು ಮೊದಲೇ ಹೇಳಿ, ಅದಕ್ಕೂ ಸೇರಿಸಿ ಬಾಡಿಗೆ ಒಪ್ಪಿಕೊಳ್ಳಿ. ಬೆಳಿಗ್ಗೆ ಬೆಟ್ಟದ ಮೇಲೆ ನೋಡಿದ ನೀರು ಬಂದು ಸೇರುವ ಜಾಗದಲ್ಲಿ ಹತ್ತು ನಿಮಿಷ ನಿಂತು, ಅಲ್ಲಿಂದ ಬಸ್ ನಿಲ್ದಾಣಕ್ಕೆ ಹೊರಡಬಹುದು.